ನಾಲ್ಕು ಮಾತಿನ ರೆಸ್ಯೂಮ್

ಸದಲಗಾದ ರುಕ್ಮವ್ವನಿಗೆ ಸುತ್ತಲಿನ ಊರುಗಳಲ್ಲಿ ಹೆಸರಿದ್ದದ್ದು ಒಡಪಿನಿಂದ. ಹೊಸ ಸೊಸೆ ಹೊಸ್ತಿಲಲ್ಲಿ ನಿಂತು ಗಂಡನ ಹೆಸರನ್ನು ಪದ್ಯದಲ್ಲಿ ಹೆಣೆದು ಹೇಳಬೇಕಲ್ಲ, ಆ ಪದ್ಯವನ್ನು ಕಟ್ಟಿಕೊಡುವವಳು ಈಕೆಯೇ. ಕಟ್ಟುವ ಮೊದಲು ಆ ಮನೆಯ ದೇವರು, ಬೆಳೆ, ಅತ್ತೆಯ ಸ್ವಭಾವ ಎಲ್ಲವನ್ನೂ ಕೇಳಿ ತಿಳಿಯುತ್ತಿದ್ದಳು.

ಮೊಮ್ಮಗಳು ಪ್ರಾಜಕ್ತಾ ಬಿ.ಎಸ್ಸಿ. ಮುಗಿಸಿ ಏಳು ಕಡೆ ಅರ್ಜಿ ಹಾಕಿದ್ದಳು, ಏಳೂ ಕಡೆಯಿಂದ ಸುದ್ದಿಯಿಲ್ಲ. ಎಂಟನೆಯದು ನಿಪ್ಪಾಣಿ ಹತ್ತಿರದ ಡೇರಿಯ ಪ್ರಯೋಗಾಲಯದ್ದು. ಮನೆಯಿಂದ ಹೋಗಿಬರಬಹುದಾದ ನೌಕರಿ ಅದೊಂದೇ, ಕೈತಪ್ಪಬಾರದು ಎಂದು ಅವಳ ಜೀವ ಒದ್ದಾಡುತ್ತಿತ್ತು. ಅರ್ಜಿಗೆ ಅಂದೇ ಕೊನೆಯ ದಿನ. ಮಠದಿಂದ ಬರುತ್ತಿದ್ದ, ಎಲ್ಲರೂ ‘ಆಯಿ’ ಎಂದೇ ಕರೆಯುವ ಅಜ್ಜಿಯೂ ಅಣ್ಣಾಸಾಬನ ಕಂಪ್ಯೂಟರ್ ಅಂಗಡಿಗೆ ಬಂದು ಕೂತಳು.

“ಈಗ ಮೊದಲ ಮನಷ್ಯಾರು ಓದೂದಿಲ್ರಿ ಆಯಿ, ಕಂಪ್ಯೂಟರ್ ಓದತೈತಿ,” ಎಂದ ಅಣ್ಣಾಸಾಬ. “ಅವರ ಜಾಹೀರಾತಿನ ಶಬ್ದ ನಮ್ಮ ರೆಸ್ಯೂಮಿನ್ಯಾಗ ಸಿಗಬೇಕು.”

“ಏಳು ಕಡೆ ಸಿಗಲಿಲ್ಲೇನ?”

“ಏಳೂ ಕಡೆ ಒಂದೇ ಕಳಿಸೇವ್ರಿ.”

ಆಯಿ ನಕ್ಕಳು. “ಭೋಜ ಊರಾಗ ಒಬ್ಬಾಕಿ ಅಕ್ಕನ ಒಡಪ ಬಾಯಿಪಾಠ ಮಾಡಿ ದ್ರಾಕ್ಷಿ ತ್ವಾಟ ಹೊಗಳಿದ್ಲು. ಆ ಮನ್ಯಾಗ ಬರೇ ಕಬ್ಬು. ಊಟ ಮುಗಿಯೂತನಕ ನಕ್ರು ಮಂದಿ. ಈ ಡೇರಿಯವ್ರು ಏನ ಕೇಳ್ಯಾರ, ಓದ.”

ಡೇರಿಯವರು ಕೇಳಿದ್ದು ಐದು: ಹಾಲಿನ ಮಾದರಿ ತೆಗೆಯುವುದು, ಫ್ಯಾಟ್ ಪರೀಕ್ಷೆ, ಕಲಬೆರಕೆ ಪತ್ತೆ, ರೈತರೊಂದಿಗೆ ಒಡನಾಟ, ಟ್ಯಾಂಕರ್ ತಪಾಸಣೆ.

“ನಿಂದರಾಗ ಏನೈತಿ?”

“ನಾಯಕತ್ವದ ಗುಣ, ಓದುವ ಹವ್ಯಾಸ.”

“ದಿನಾ ಮುಂಜಾನೆ ಊರ ಹಾಲಿನ ಸಂಘದಾಗ ಫ್ಯಾಟ್ ಯಾರ ನೋಡ್ತಾರ?”

“ಅದು ನೌಕರಿ ಅಲ್ಲಲಾ ಆಯಿ. ಅಪ್ಪಾ ಸೆಕ್ರೆಟರಿ ಅಂತ ಹೋಗ್ತೀನಿ.”

“ಆ ಮಲಕಾರಿ ಹಾಲಿನ ಕ್ಯಾನಿನ್ಯಾಗ ನೀರ ಬೆರಸಿದ್ದ ಹಿಡದಾಕಿ ಯಾರು? ಜಗಳಿಲ್ದ ಅವನ್ನ ಮನಿಗೆ ಕಳಿಸಿದಾಕಿ ಯಾರು?”

ಅಣ್ಣಾಸಾಬನ ಬೆರಳು ಆಗಲೇ ಓಡತೊಡಗಿದ್ದವು. ನಾಲ್ಕು ಮಾತು ಕೂತವು. “ಟ್ಯಾಂಕರೂ ಹಾಕಿಬಿಡ್ತೀನಿ. ಒಂದ ಶಬ್ದ ಕಡಿಮಿ ಆದ್ರ ಕಂಪ್ಯೂಟರ್ ತಗದ ಒಗದೀತು.”

ಪ್ರಾಜಕ್ತಾ ಅಜ್ಜಿಯ ಮುಖ ನೋಡಿದಳು. ಆಯಿ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದಳು.

“ಬ್ಯಾಡ್ರಿ ಕಾಕಾ. ನಮ್ಮ ಸಂಘದಾಗ ಬರೇ ಕ್ಯಾನ್. ಟ್ಯಾಂಕರ್ ನಾ ಮುಟ್ಟಿಲ್ಲ.”

ಹತ್ತು ದಿನಕ್ಕೆ ಸಂದರ್ಶನದ ಕರೆ ಬಂತು. ಡೇರಿಯ ಮೇಡಂ ಕಾಗದದಿಂದ ಕಣ್ಣೆತ್ತಿ ಕೇಳಿದರು, “ಎಲ್ಲಾರೂ ಐದೂ ಬರದಾರ. ನೀವ್ಯಾಕ ಟ್ಯಾಂಕರ್ ಬಿಟ್ಟೀರಿ?”

“ಮಾಡಿಲ್ರಿ. ಕಲಿಸಿದ್ರ ಕಲೀತೀನ್ರಿ.”

“ಹೊರಗ ಟ್ಯಾಂಕರ್ ನಿಂತೈತಿ. ಮಾದರಿ ತಗೀರಿ ಅಂದ್ರ ಮೊದಲ ಏನ ಮಾಡ್ತೀರಿ?”

ಕ್ಯಾನಿನ ಹಾಲು ಕಣ್ಣಮುಂದೆ ಬಂತು. “ಕಲಕತೀನ್ರಿ. ಕೆನಿ ಮ್ಯಾಲ ನಿಂತಿರತೈತಿ, ಕಲಕಲಾರದ ತಗದ್ರ ಫ್ಯಾಟ್ ಸುಳ್ಳ ಹೇಳತೈತಿ.”

ಮೇಡಂ ಪೆನ್ನು ಕೆಳಗಿಟ್ಟರು. “ಐದೂ ಬರದವರು ಮುಚ್ಚಳಾ ತಗೀತೀವಿ ಅಂದ್ರು. ಸೋಮವಾರ ಮುಂಜಾನೆ ಆರಕ್ಕ ಕೆಲಸಕ್ಕ ಬರ್ರಿ.”

“ಅಷ್ಟೊತ್ತಿಗೆ ಬಸ್ ಇಲ್ರಿ. ನಿಮ್ಮ ಹಾಲಿನ ಗಾಡ್ಯಾಗ ಬಂದ್ರ ನಡೀತೈತೇನ್ರಿ?”

“ಬರ್ರಿ, ಕ್ಯಾನಿನ ಮ್ಯಾಲ ಮಾತ್ರ ಕುಂಡ್ರಬ್ಯಾಡ್ರಿ,” ಎಂದು ಮೇಡಂ ನಕ್ಕರು.