ಮಾಗಿಯ ನಾಲೆಯ ಬೆಂಡು

ನಾನು ಒಂದು ಬೆಂಡು. ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ನಿಲ್ಲಿಸುವ, ಬೆರಳುದ್ದದ ಹಗುರ ಕಡ್ಡಿ. ಹೀಗೆಂದ ಕೂಡಲೇ ನಿಮ್ಮ ಕಣ್ಣಿಗೆ ಜೋಳದ ದಂಟಿನ ತುಂಡೋ, ಹಳೆಯ ಹವಾಯಿ ಚಪ್ಪಲಿಯಿಂದ ಕೊಯ್ದ ರಬ್ಬರಿನ ಚೂರೋ ಬಂದಿರಬಹುದು. ಅವರೂ ನನ್ನ ವೃತ್ತಿಬಾಂಧವರೇ. ಅವರನ್ನು ನಾನು ಹೀಗಳೆಯುವುದಿಲ್ಲ. ಆದರೆ ನಾನು ನವಿಲುಗರಿಯ ದಂಟಿನಿಂದ ಹುಟ್ಟಿದವನು. ಮುಂದೆ ನನ್ನ ಮಾತಿನಲ್ಲಿ ಬಿಗುಮಾನ ಕಂಡರೆ ಅದರ ಮೂಲ ನಿಮಗೆ ತಿಳಿದಿರಲಿ.

ಮಂಡ್ಯದ ಕಡೆಯ ಕಲ್ಲಾರೆಕೊಪ್ಪಲಿನಲ್ಲಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ಒಂದು ನವಿಲು ನನ್ನನ್ನು ಉದುರಿಸಿ ಹೋಯಿತು. ಹೆಕ್ಕಿಕೊಂಡವರು ಬುಡನ್ ಸಾಬರು. ಉದುರಿದ ಗರಿಗಳನ್ನು ಒಟ್ಟುಮಾಡಿ ದರ್ಗಾಕ್ಕೆ ಬೀಸಣಿಗೆ ಕಟ್ಟಿಕೊಡುವುದು ಅವರ ಕಾಯಕ. ನನ್ನ ನೀಲಿ ಕಣ್ಣನ್ನು ಅವರು ಕತ್ತರಿಸಿ ಬೀಸಣಿಗೆಗೆ ಸೇರಿಸಿದರು. ಉಳಿದದ್ದು ಬಿಳಿಯ ಬರಿ ದಂಟು. ನೋಡಲು ಏನೂ ಇಲ್ಲದ, ನೋಡುವವರೂ ಇಲ್ಲದ ದಂಟು. ಆ ಹೊತ್ತಿಗೆ ಜಗಲಿಯ ಮೇಲೆ ಅವರ ಗೆಳೆಯ ಮಾಯಿಗೌಡರು ಕುಳಿತಿದ್ದರು.

"ಏನ್ ಸಾಬ್ರೆ, ಚೆಂದಿದ್ದುದ್ನೆಲ್ಲ ದರ್ಗಾಕ್ ಕೊಟ್ಟು ಕಡ್ಡೀನ ಒಲೆಗ್ ಹಾಕ್ತೀರಾ?"

"ನಿಂಗ್ ಬೇಕಾ ಗೌಡ? ತಗಾ. ನೀನೂ ಒಂದ್ ಕಡ್ಡೀನೆ, ಜೋಡಿ ಆಯ್ತದೆ."

ಹೀಗೆ ಒಂದು ನಗೆಯ ನಡುವೆ ನಾನು ಕೈಯಿಂದ ಕೈಗೆ ದಾಟಿದೆ. ಮಾಯಿಗೌಡರು ನಿಜಕ್ಕೂ ಕಡ್ಡಿಯಂತಿದ್ದರು. ನಾಲೆಯ ತೂಬಿನ ಬಾಗಿಲನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಸೌಡಿಯ ಕೆಲಸ ಅವರದು. ಅವರು ನನ್ನನ್ನು ಬ್ಲೇಡಿನಿಂದ ನಯವಾಗಿ ಹೆರೆದರು, ಎರಡು ತುದಿಗೂ ಮೇಣ ತುಂಬಿದರು, ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿಯುವ ಕೆಂಪು ಬಣ್ಣವನ್ನು ನನ್ನ ನೆತ್ತಿಗೆ ಹಚ್ಚಿದರು. ಕಣ್ಣು ಕಳೆದುಕೊಂಡ ಗರಿಗೆ ಒಂದು ಕಿರೀಟ ದೊರೆಯಿತು.

ಎಲ್ಲರೂ ಮೀನು ಹಿಡಿಯುವುದು ಮಳೆಗಾಲದಲ್ಲಿ, ಹೊಸ ನೀರು ಬಂದಾಗ. ಮಾಯಿಗೌಡರ ಕಾಲ ಮಾಗಿ. ಭತ್ತದ ಕೊಯ್ಲು ಮುಗಿದು, ನಾಲೆಯಲ್ಲಿ ನೀರು ತಗ್ಗಿ, ಬೆಳಗಿನ ಮಂಜಿನಲ್ಲಿ ಎದುರು ದಡವೇ ಅಳಿಸಿಹೋದಾಗ, ಕೆಂಪು ರೆಕ್ಕೆಯ ದೊಡ್ಡ ಗೆಂಡೆಮೀನುಗಳು ಹರಿವನ್ನು ಬಿಟ್ಟು ತೂಬಿನ ಪಕ್ಕದ ಆಳಕ್ಕೆ ಬಂದು ಸೇರುತ್ತವೆ. ಚಳಿಯಲ್ಲಿ ಮೀನು ಮಿತಭಾಷಿ. ಅದು ಓಡುವುದಿಲ್ಲ, ಸೆಣಸುವುದಿಲ್ಲ. ತಳದ ಹುಳುವನ್ನು ತುಟಿಯಿಂದ ಎತ್ತಿಕೊಂಡು ನಿಂತಲ್ಲೇ ನಿಂತಿರುತ್ತದೆ. ಜೋಳದ ದಂಟಿಗೆ ಆ ಸುದ್ದಿ ಮುಟ್ಟುವುದೇ ಇಲ್ಲ.

ನನಗೆ ಮುಟ್ಟುತ್ತಿತ್ತು. ಮಾಯಿಗೌಡರು ನನ್ನನ್ನು ಬುಡದಲ್ಲಿ ಮಾತ್ರ ಕಟ್ಟುತ್ತಿದ್ದರು. ಕೆಳಗೆ, ಗಾಳದ ಪಕ್ಕದಲ್ಲಿ, ಒಂದು ಸೀಸದ ಗುಂಡು ತಳ ಹಿಡಿದು ಕೂತಿರುತ್ತಿತ್ತು. ಅದರ ಭಾರ ನನ್ನನ್ನು ಕೆಂಪು ನೆತ್ತಿಯವರೆಗೆ ನೀರಿನೊಳಗೆ ಎಳೆದು ನೆಟ್ಟಗೆ ನಿಲ್ಲಿಸುತ್ತಿತ್ತು. ಮೀನು ಹುಳುವನ್ನು ಎತ್ತಿದರೆ ಸೀಸವೂ ಮೇಲೇಳುತ್ತದೆ. ಭಾರ ಇಳಿದ ನಾನು ನೀರಿನಿಂದ ಉದ್ದಕ್ಕೆ ಎದ್ದು, ಮೆಲ್ಲಗೆ ಅಡ್ಡ ಬೀಳುತ್ತೇನೆ. ಜಗತ್ತಿನ ಬೆಂಡುಗಳೆಲ್ಲ ಮುಳುಗಿ ಸುದ್ದಿ ಹೇಳುತ್ತವೆ. ನಾನು ಎದ್ದು ಹೇಳುವವನು.

ನನ್ನ ಒಡೆಯರನ್ನು ನಾನು ಸದಾ ಕೆಳಗಿನಿಂದ ಕಂಡವನು: ಮಫ್ಲರಿನಿಂದ ಇಣುಕುವ ಬಿಳಿ ಕುರುಚಲು, ಆರಿಹೋದ ಬೀಡಿ, ರೆಪ್ಪೆ ಹೊಡೆಯುವುದನ್ನು ಮರೆತ ಎರಡು ಕಣ್ಣು. ಆ ಕಣ್ಣುಗಳು ಬೇರೆ ಯಾವುದನ್ನೂ ಅಷ್ಟು ಹೊತ್ತು ನೋಡಿದ್ದಿಲ್ಲವೆಂದು ಅವರ ಹೆಂಡತಿ ಹೊಂಬಾಳಮ್ಮನವರ ದೂರು.

"ಮೂರೊತ್ತೂ ನೀರ್ ನೋಡ್ಕಂಡ್ ಕೂತಿದ್ರೆ ನೀರೇ ಬಂದು ಮುದ್ದೆ ತಿರುವುತ್ತಾ?" ಎಂದು ಏರಿಯ ಮೇಲಿನಿಂದ ಕೂಗುತ್ತಿದ್ದರು. ಆದರೆ ಸಂಜೆ ಹುಣಸೆಹುಳಿ ಕಿವುಚಿ, ಮಸಾಲೆ ಅರೆದು, ಆ ಗೆಂಡೆಯನ್ನು ಅವರು ಬೇಯಿಸುತ್ತಿದ್ದ ಪರಿಮಳ ಸೂರಿನ ಕೆಳಗೆ ತೂಗುತ್ತಿದ್ದ ನನ್ನವರೆಗೆ ಬರುತ್ತಿತ್ತು. ಇಬ್ಬರೂ ಆಗ ಮಾತಾಡುತ್ತಿರಲಿಲ್ಲ. ಮುಳ್ಳು ಬಿಡಿಸುವ ಮೌನ ಅದು.

ಒಂದು ಮಾಗಿಯಲ್ಲಿ ಅವರು ನಾಲೆಗೆ ಬರಲಿಲ್ಲ. ಹಾಸಿಗೆ ಹಿಡಿದಿದ್ದರು. ನಾಲೆ ಮೀನು ಬೇಕೆಂದು ಒಮ್ಮೆ ಕೇಳಿದರು. ಹಿಡಿದು ತರುವವರು ಯಾರೂ ಇರಲಿಲ್ಲ. ಹೊಂಬಾಳಮ್ಮನವರು ಸಂತೆಯ ಕೆರೆಮೀನನ್ನು ತಂದು, ನಾಲೆಯದೇ ಎಂದು ಹೇಳಿ ಬಡಿಸಿದರು. ಮಾಯಿಗೌಡರು ಮೂಸಿ ನೋಡಿ, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆ ವರ್ಷವೆಲ್ಲ ನಾನು ಸೂರಿನ ಕೆಳಗೆ ಧೂಳು ಕುಡಿಯುತ್ತ ನೇತಾಡಿದೆ. ಮತ್ತೆ ಮಾಗಿ ಬಂತು. ನಾಳೆ ಮೊದಲ ವರ್ಷದ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ ಎಲೆಗೆ ಇಡುವ ದಿನ. ಇತ್ತ ರಿಪೇರಿಗಾಗಿ ನಾಲೆಯ ನೀರನ್ನು ಇವತ್ತು ಸಂಜೆಗೇ ನಿಲ್ಲಿಸುತ್ತಾರೆಂದು ಡಂಗುರವಾಗಿತ್ತು. ಮೈದುನ ಬೋರಲಿಂಗ ಬೈಕಿನ ಮೇಲೆ ಕೂತೇ ಹೇಳಿದ:

"ಅತ್ಗೆ, ಮಂಡ್ಯದಿಂದ ಕಾಟ್ಲಾ ತತ್ತೀನಿ ಬುಡು. ಎಂಗಿರ್ತದೆ ಅಂದ್ರೆ, ಅಣ್ಣ ಎದ್ ಬಂದು ತಿನ್ಬೇಕು!"

"ಕೆರೆ ಮೀನ್ಗೆ ಎದ್ ಬರೋರಲ್ಲ ಕಣಪ್ಪ ನಿಮ್ಮಣ್ಣ. ಓದ್ ವರ್ಷ ಸುಳ್ ಹೇಳಿ ಬಡಿಸ್ದೆ. ಒಂದ್ ಮಾತು ಬಯ್ದಿದ್ರೆ ತಡ್ಕತಿದ್ದೆ. ತಟ್ಟೆ ಸರ್ಸುಬುಟ್ರು. ಈ ಸಲವೂ ಅದ್ನೇ ಇಟ್ರೆ, ಎಲೆ ಮುಂದೆ ನಾನ್ ಯಾವ ಮುಖ ಇಟ್ಕಂಡ್ ಕೂರ್ಲಿ?"

"ಈ ಚಳೀಲಿ ಯಾರ್ಗೂ ಮೀನ್ ಬೀಳ್ತಿಲ್ಲ ಅತ್ಗೆ."

"ನಿಮ್ಮಣ್ಣಂಗೆ ಬೀಳ್ತಿತ್ತು" ಎಂದು ಅವರು ಕೈಯೆತ್ತಿ, ನಾನಿದ್ದ ಗಾಳದ ಕೋಲನ್ನು ಸೂರಿನಿಂದ ಎಳೆದುಕೊಂಡರು.

ಹೆಣ್ಣೊಬ್ಬಳು ಗಾಳ ಹಿಡಿದು ಏರಿಯ ಮೇಲೆ ನಡೆದದ್ದನ್ನು ಆ ಊರು ಮೊದಲು ಕಂಡಿದ್ದು ಅಂದೇ. ತೂಬಿನ ಬಳಿ ಬಟ್ಟೆ ಒಗೆಯುತ್ತಿದ್ದವರು ಸುಮ್ಮನಿದ್ದಾರೆಯೇ?

"ಏನ್ ಹೊಂಬಾಳಕ್ಕ, ಸೌಡಿ ಕೆಲ್ಸ ನಿಂಗೇ ಬಂತಾ?"

"ಬಂದ್ರೆ ನಿಮ್ ಗದ್ದೆಗೇ ಮೊದ್ಲು ನೀರ್ ನಿಲ್ಲಿಸ್ತೀನಿ. ಅತ್ಲಾಗ್ ಒಗೀರಮ್ಮ, ಕಲಕ್ ಬ್ಯಾಡಿ."

ಮಾಯಿಗೌಡರು ಕಟ್ಟಿದ್ದ ಗಂಟುಗಳು ಹಾಗೆಯೇ ಇದ್ದವು. ಎರೆಹುಳು ಸಿಕ್ಕಿಸಿ, ಅವರು ಕೂರುತ್ತಿದ್ದ ಕಲ್ಲಿನ ಮೇಲೆ ಕೂತು ಹೊಂಬಾಳಮ್ಮನವರು ನನ್ನನ್ನು ನೀರಿಗೆ ಬಿಟ್ಟರು. ಸೀಸ ತಳ ಸೇರಿತು. ವರ್ಷದ ನಂತರ ನಾನು ಮತ್ತೆ ನೆಟ್ಟಗೆ ನಿಂತೆ. ಆ ತಣ್ಣನೆಯ ನೀರು ನನ್ನ ಸುತ್ತ ಬಿಗಿದುಕೊಂಡ ಕ್ಷಣವನ್ನು ನಾನು ಈಗಲೂ ನೆನೆಯುತ್ತೇನೆ. ಕೆಲಸ ಸಿಕ್ಕವನ ಸಂಭ್ರಮ ಅದು.

ಬಿಸಿಲು ಬಲಿಯಿತು, ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ತಳದಲ್ಲಿ ಒಂದು ತುಟಿ ಹುಳುವನ್ನು ಎತ್ತಿತು. ನಾನು ಎದ್ದೆ. ನನ್ನ ಬಿಳಿಯ ಮೈಯೆಲ್ಲ ಬಿಸಿಲಿಗೆ ಬಂತು, ಅಡ್ಡ ಬಿದ್ದೆ.

"ಥೂ, ನಿಲ್ಲಕ್ಕೂ ಆಗಲ್ವ ಇದ್ಕೆ!" ಎಂದರು ಹೊಂಬಾಳಮ್ಮನವರು. "ವರ್ಷದಿಂದ ನೇತಾಕಿ ಸೊಂಟಾನೇ ಬಿದ್ದೋಗದೆ."

ಅತ್ತಿಗೆಯ ಬೆನ್ನಿಗೇ ಬಂದು ಹಿಂದೆ ನಿಂತಿದ್ದ ಬೋರಲಿಂಗ ನಕ್ಕ. ಬೆಂಡು ಮುಳುಗಿದರೆ ಮಾತ್ರ ಮೀನು ಎಂಬುದು ಇಬ್ಬರ ತಿಳುವಳಿಕೆ. ನಾನೋ ಕೂಗಲಾರೆ. ಸತ್ಯವನ್ನು ಇಡೀ ಮೈಯಿಂದ ಹೇಳಿದ ಮೇಲೂ ಕೇಳುವವರಿಗೆ ಆ ಭಾಷೆ ಬರದಿದ್ದರೆ ಹೇಳುವವನು ಏನು ಮಾಡಬಲ್ಲ? ಅವರು ನನ್ನನ್ನು ಎಳೆದು, ಬೈದು, ಮತ್ತೆ ನಿಲ್ಲಿಸಿದರು. ಮತ್ತೆ ಮೀನು ಬಂತು, ಮತ್ತೆ ನಾನು ಎದ್ದೆ, ಮತ್ತೆ ಬೈಗುಳ. ದೂರದ ಅಣೆಯಲ್ಲಿ ಬಾಗಿಲು ಮುಚ್ಚಿದ್ದರು, ನಾಲೆಯ ನೀರು ತಗ್ಗತೊಡಗಿತ್ತು. ದಡದ ಕಲ್ಲಿನ ಮೇಲೆ ಒದ್ದೆಯ ಗೆರೆಯೊಂದು ಮೂಡಿತ್ತು.

"ಕತ್ಲಾಗೋಕ್ ಮುಂಚೆ ಮಂಡ್ಯಕ್ ಓಗ್ ಬತ್ತೀನಿ ಅತ್ಗೆ, ಹಟ ಮಾಡ್ಬ್ಯಾಡ."

ಹೊಂಬಾಳಮ್ಮನವರು ದಾರ ಎಳೆದುಕೊಂಡು ಗಾಳವನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದರು. ಹುಳು ಅರ್ಧ ಇರಲಿಲ್ಲ.

"ಲಿಂಗ, ಇದ್ ಮುಳುಗ್ಲೇ ಇಲ್ವಲ್ಲ?"

"ಎಲ್ ಮುಳುಗ್ತು? ಎಲ್ಡ್ ಸಲವೂ ಬಿದ್ಕತ್ತು."

"ಮತ್ತೆ ಹುಳ ಯಾರ್ ತಿಂದ್ರು? ನಾನ್ ತಿಂದ್ನಾ?" ಅವರು ನನ್ನನ್ನು ಎತ್ತಿ ಹಿಡಿದು ದಿಟ್ಟಿಸಿದರು. ಮೊದಲ ಬಾರಿಗೆ ಒಬ್ಬರ ಕಣ್ಣನ್ನು ನಾನು ಸಮನಾಗಿ ಕಂಡೆ. "ಬಿದ್ಕಂಡಾಗ್ಲೇ ತಿಂದದೆ ಕಣ್ಲಾ. ಇದು ಬೀಳ್ತಿಲ್ಲ. ಏಳ್ತದೆ."

ನನ್ನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಸನ್ಮಾನ ನನಗೆ ಆಗಿಲ್ಲ.

ಅವರು ಹೊಸ ಹುಳು ಸಿಕ್ಕಿಸಿದರು. ಈ ಸಲ ಅವರ ಕಣ್ಣೂ ರೆಪ್ಪೆ ಹೊಡೆಯಲಿಲ್ಲ. ಇಳಿಯುವ ನೀರು ನನ್ನನ್ನು ತುಸು ವಾಲಿಸಿತು. ಅವರು ಕೈ ಅಲುಗಿಸಲಿಲ್ಲ. ಒಂದು ತರಗೆಲೆ ಬಂದು ತಾಕಿತು, ಅಲುಗಿಸಲಿಲ್ಲ. ಆಮೇಲೆ ನಾನು ಎದ್ದೆ. ಪೂರ್ತಿ ಏಳುವ ಮುನ್ನವೇ ಕೋಲು ಮೇಲಕ್ಕೆ ಹಾರಿತು, ದಾರ ಗುಂಯ್ ಎಂದಿತು, ನಾನು ಒಂದೇ ಏಟಿಗೆ ಆಳಕ್ಕೆ ಸೆಳೆಯಲ್ಪಟ್ಟು ಹಸಿರು ಕತ್ತಲಲ್ಲಿ ಆ ಗೆಂಡೆಯನ್ನು ಕಣ್ಣಾರೆ ಕಂಡೆ. ಬೆಳ್ಳಿಯ ಹರಿವಾಣದಂಥ ಮೈ, ದಾಸವಾಳದಂಥ ರೆಕ್ಕೆ. ಮೇಲೆ ಬಿದಿರಿನ ಕೋಲು ಬಾಗಿ ನರಳುತ್ತಿತ್ತು.

"ಬುಡಬ್ಯಾಡ ಅತ್ಗೆ! ಬುಡಬ್ಯಾಡ!"

"ಬುಡೋಳಂಗ್ ಕಾಣ್ತೀನೇನ್ಲಾ? ಬಾಯ್ ಮುಚ್ಕಂಡ್ ಇಳಿ ನೀರ್ಗೆ!"

ಪ್ಯಾಂಟು ಮಡಿಸಲೂ ಪುರಸೊತ್ತಿಲ್ಲದೆ ಬೋರಲಿಂಗ ಸೊಂಟದವರೆಗೆ ಇಳಿದ. ಆ ಚಳಿಯ ನೀರಿಗೆ ಅವನು ಕಿರುಚಿದ್ದಕ್ಕೆ ಒಗೆಯುವವರೆಲ್ಲ ಎದ್ದು ನಿಂತರು. ಅವನು ಟವೆಲಿನಲ್ಲಿ ಮೀನನ್ನು ಸುತ್ತಿ ಕೂಸಿನಂತೆ ಎದೆಗೆ ಒತ್ತಿಕೊಂಡು ದಡ ಹತ್ತಿದಾಗ ಹೊಂಬಾಳಮ್ಮನವರು ಕಲ್ಲಿನ ಮೇಲೆ ಕುಸಿದು ಕೂತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ, ಕೆಳಗಿನಿಂದ ನನಗೆ ಸರಿಯಾಗಿ ಕಾಣಲಿಲ್ಲ.

ಮರುದಿನ ಎಡೆ. ಮಾಯಿಗೌಡರ ಪಟದ ಮುಂದೆ ಬಾಳೆಯೆಲೆ. ಅದರ ಮೇಲೆ ಮುದ್ದೆ, ಅನ್ನ, ಗೆಂಡೆಯ ತಲೆಭಾಗದ ಸಾರು, ಒಂದು ಕಟ್ಟು ಬೀಡಿ. ಗಾಳದ ಕೋಲನ್ನೂ ಒಳಗೆ ಮೂಲೆಗೆ ಒರಗಿಸಿದರು. ಹಿರಿಯರು ನೆಮ್ಮದಿಯಿಂದ ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು ಅಲ್ಲಿಯ ಪದ್ಧತಿ. ಹೀಗೆ ಆ ಕೋಣೆಯಲ್ಲಿ ಎಡೆಯೊಂದಿಗೆ ಉಳಿದವನು ನಾನೊಬ್ಬನೇ.

ಏನು ಕಂಡೆ ಎಂದು ನೀವು ಕೇಳುವಿರಿ. ಏನೂ ಕಾಣಲಿಲ್ಲ. ಸಾರಿನ ಹಬೆ ಎದ್ದು ಕರಗಿತು. ದೀಪ ಉರಿಯಿತು. ನೆರಳೊಂದು ಬಂದು ಕೂತಿತೆಂದರೆ ನಿಮಗೆ ಹಿತವೆನಿಸಬಹುದು. ಆದರೆ ಅಲುಗದ್ದನ್ನು ಅಲುಗಿತೆನ್ನುವುದು ನನ್ನ ವೃತ್ತಿಯಲ್ಲಿ ಇಲ್ಲ.

ಬಾಗಿಲು ತೆರೆಯಿತು. ಹೊಂಬಾಳಮ್ಮನವರು ಕೈಮುಗಿದು ಎಲೆಯ ಮುಂದೆ ಕೂತರು. ಒಂದು ಚೂರು ಮೀನು ಮುರಿದು, ಮುಳ್ಳು ಬಿಡಿಸಿ, ಬಾಯಿಗೆ ಇಟ್ಟುಕೊಂಡರು. ಬಹಳ ಹೊತ್ತು ಅಗಿದರು.

"ಎಂಗದೆ ಅತ್ಗೆ?" ಬೋರಲಿಂಗ ಹೊಸ್ತಿಲಲ್ಲೇ ನಿಂತು ಕೇಳಿದ. ಅವನ ಮೂಗು ನೆಗಡಿಯಿಂದ ಕಟ್ಟಿತ್ತು.

"ಉಪ್ಪು ಒಂಚೂರ್ ಮುಂದಾಗದೆ" ಎಂದರು. ಸೆರಗಿನಿಂದ ಕಣ್ಣೊರಸಿಕೊಂಡರು. "ಇದ್ನ ಸರ್ಸಲ್ಲ ಅವ್ರು."

ಆಮೇಲೆ ಎಷ್ಟೋ ಮಾಗಿಗಳಲ್ಲಿ ನಾನು ಅವರೊಡನೆ ನಾಲೆಗೆ ಹೋದೆ. ಊರು ಮೊದಲು ನಕ್ಕಿತು, ಆಮೇಲೆ ಕೇಳಿತು, ಕೊನೆಗೆ ಪಕ್ಕದಲ್ಲಿ ಬಂದು ಕೂತಿತು. ಒಗೆಯಲು ಬರುತ್ತಿದ್ದವರಲ್ಲೇ ಇಬ್ಬರು ಈಗ ಗಾಳ ಹಾಕುತ್ತಾರೆ. ಅವರ ಬೆಂಡುಗಳೂ ಎದ್ದೇ ಸುದ್ದಿ ಹೇಳುತ್ತವೆ. ನನ್ನ ವಂಶ ಬೆಳೆದಿದೆ.

ಈಗ ನನ್ನ ಮೈ ಸೀಳಿದೆ. ಎಷ್ಟು ಮೇಣ ತುಂಬಿದರೂ ನೀರು ಒಳಗೆ ಬರುತ್ತದೆ. ನೆಟ್ಟಗೆ ನಿಲ್ಲಲಾರದ ದಿನ ಹೊಂಬಾಳಮ್ಮನವರು ನನ್ನನ್ನು ಬಿಚ್ಚಿ, ಸೆರಗಿನಲ್ಲಿ ಒರಸಿ, ಅಡುಗೆಮನೆಯ ಗೋಡೆಗೂಡಿನಲ್ಲಿ ಬೆಂಕಿಪೊಟ್ಟಣದ ಪಕ್ಕಕ್ಕೆ ಇಟ್ಟರು. ಇಲ್ಲಿ ಬೆಚ್ಚಗಿದೆ. ಚಳಿಗೆ ಹುಟ್ಟಿದವನಿಗೆ ಈ ಬಿಸುಪು ಸ್ವಲ್ಪ ಅಪರಿಚಿತ.

ಬೀಸಣಿಗೆಗೆ ಹೋದ ನನ್ನ ಕಣ್ಣು ಎಷ್ಟು ಜನರ ಮೆಚ್ಚುಗೆ ಪಡೆಯಿತೋ ತಿಳಿಯದು. ನನ್ನನ್ನು ಓದಿದವರು ಇಬ್ಬರೇ. ಇಬ್ಬರೂ ಚಳಿಯಲ್ಲಿ ಕೂತು, ಉಸಿರು ಬಿಗಿಹಿಡಿದು, ಒಂದು ಅಕ್ಷರವೂ ಬಿಡದೆ ಓದಿದರು. ಅಷ್ಟು ಓದುಗರು ಸಾಕು.