ಏಳು ತಾಳೆಮರದಷ್ಟು ನೀರು

ಕಮಲಾಪುರ ತಾಲ್ಲೂಕಿನಲ್ಲಿ ನನ್ನ ಕೊಪ್ಪರಿಗೆಯ ಹೆಸರು ಕೇಳದವರು ಯಾರಾದರೂ ಇದ್ದರೆ ಅವರು ಇನ್ನೂ ಹುಟ್ಟಿಲ್ಲ ಎಂದೇ ತಿಳಿಯಿರಿ. ಬೆಲ್ಲ ಕಾಯಿಸುವ ಕಬ್ಬಿಣದ ಕೊಪ್ಪರಿಗೆ ಅದು. ಗಾಣ ನಿಂತ ಮೇಲೆ ನಾನೊಬ್ಬನೇ ಅದನ್ನು ತಲೆಯ ಮೇಲೆ ಹೊತ್ತು ಹನ್ನೆರಡು ಮೈಲಿ ನಡೆದು ತಂದೆ. ನಾಲ್ಕು ಜನ ಸೇರಿ ಎತ್ತಿನ ಗಾಡಿಯಲ್ಲಿ ತಂದರು ಎಂದು ಊರವರು ಹೇಳುತ್ತಾರೆ. ಅವರ ಮಾತು ಬಿಡಿ.

ಜಲಾಶಯದ ಹಿನ್ನೀರು ಏರಿ ಕೆಳಗಿನ ಊರನ್ನು ನುಂಗಿದಾಗ, ಕಾರಿಮಡ್ಡಿ ಎಂಬ ನಮ್ಮ ದಿಬ್ಬ ಮಾತ್ರ ನೀರಿನ ನಡುವೆ ಉಳಿಯಿತು. ಮೇಲೆ ಏಳು ಮನೆ, ಸುತ್ತ ತೊಗರಿ ಹೊಲ. ನಡೆದು ದಾಟೋಣವೆಂದರೆ ಕೆಸರು ಕಾಲು ಬಿಡುವುದಿಲ್ಲ. ಜೋಳದ ಚೀಲ, ಎಮ್ಮೆಕರು, ಮದುಮಗಳು, ಹೆಣ, ಎಲ್ಲವನ್ನೂ ಈ ಕೊಪ್ಪರಿಗೆಯನ್ನೇ ದೋಣಿ ಮಾಡಿಕೊಂಡು ದಾಟಿಸುವುದು ಹಣಮಂತರಾಯ ಎಂಬ ನಾನೇ. ಇಪ್ಪತ್ತು ವರ್ಷದಲ್ಲಿ ಎರಡು ಲಕ್ಷ ಜನರನ್ನು ದಾಟಿಸಿದ್ದೇನೆ.

ನಮ್ಮಲ್ಲಿ ಒಂದು ರೂಢಿಯಿದೆ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ತೊಗರಿ ಒಯ್ದರೆ ಬೆಲೆ ಹತ್ತು ಎಂದು ಕೂಗಬೇಕು. ಅಡತಿಯ ದಲ್ಲಾಳಿ ನಾಲ್ಕು ಎನ್ನುತ್ತಾನೆ. ಏಳಕ್ಕೆ ಮಾತು ನಿಲ್ಲುತ್ತದೆ. ಏಳು ಬೇಕಾದವನು ಏಳು ಎಂದೇ ಬಾಯಿ ಬಿಟ್ಟರೆ ಅವನ ಕಥೆ ಮುಗಿಯಿತು. ಈ ವಿದ್ಯೆಯನ್ನು ನಾವು ಗಂಜ್‌ನಲ್ಲಿ ಬಿಟ್ಟು ಬರಲಿಲ್ಲ. ನೆಗಡಿಯಾದರೆ ಡಾಕ್ಟರ ಮುಂದೆ ಜೀವ ಹೋಗುತ್ತಿದೆ ಎನ್ನುತ್ತೇವೆ. ಅವರು ಅರ್ಧ ಕಡಿದುಕೊಂಡು ಕೇಳುತ್ತಾರೆ. ನನ್ನ ಮಾತನ್ನಂತೂ ಊರವರು ಮುಕ್ಕಾಲು ಕಡಿಯುತ್ತಾರೆ. ಅದು ನನಗಿರುವ ಮರ್ಯಾದೆ.

ಹೋದ ಶ್ರಾವಣದಲ್ಲಿ ನನ್ನ ಸೋದರ ಸೊಸೆ ಪಂಚಶೀಲಾಳ ಗಂಡ ಪ್ರಬುದ್ಧನಿಗೆ ತೊಗರಿ ಹೊಲದಲ್ಲಿ ಹಾವು ಕಚ್ಚಿತು. ಕಮಲಾಪುರದ ಕಡೆಗೆ ದಾಟಿಸುವಾಗ ನಡುನೀರಿನಲ್ಲಿ, ನನ್ನ ಕೊಪ್ಪರಿಗೆಯಲ್ಲೇ, ಅವನು ತೀರಿಕೊಂಡ. ಇದರಲ್ಲಿ ನಾನು ಒಂದು ಅಕ್ಷರವನ್ನೂ ಹೆಚ್ಚು ಹೇಳಿಲ್ಲ. ಅವನನ್ನು ದಿಬ್ಬದ ಮೇಲೆ ಅವನದೇ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು.

ನಾಲ್ಕು ಎಕರೆ ಹೊಲ, ಮನೆ, ಬೇವಿನ ಮರ ಎಲ್ಲವೂ ಅವನ ಹೆಸರಿನಲ್ಲಿದ್ದವು. ಸತ್ತವನ ಹೆಸರು ತೆಗೆದು ವಾರಸುದಾರರ ಹೆಸರು ಏರಿಸುವುದಕ್ಕೆ ಫೌತಿ ಎನ್ನುತ್ತಾರೆ. ಅದಕ್ಕಾಗಿ ಪಂಚಶೀಲಾ ಎಂಟು ಸಲ ಕಮಲಾಪುರದ ತಾಲ್ಲೂಕು ಕಚೇರಿಗೆ ಅಲೆದಳು. ಕೊನೆಗೆ ಒಬ್ಬ ಸಾಹೇಬರು, ದ್ವೀಪದ ಜಮೀನು ಈಗಲೂ ನೀರಿನ ಮೇಲಿದೆಯೋ ಇಲ್ಲವೋ ನೋಡಿ ಪಂಚನಾಮೆ ಬರೆಯಲು ಬರುವುದೆಂದಾಯಿತು.

ಆ ಬೆಳಿಗ್ಗೆ ಅವಳು ಅಂಗಳ ಸಾರಿಸಿ, ಚಹಾಕ್ಕೆ ಎಮ್ಮೆಯ ಹಾಲು ಎತ್ತಿಟ್ಟು, ದಡದವರೆಗೆ ಇಳಿದು ಬಂದಳು.

"ಮಾಮಾ, ಒಂದ ಮಾತು ನಡಸಿ ಕೊಡ್ತೀ?"

"ಸಾವಿರ ಕೇಳು."

"ಸಾವಿರ ಬ್ಯಾಡ. ಸಾಹೇಬ್ರು ಬಂದು ಹೋಗೂತನ ಬಾಯಿ ಮುಚ್ಕೊಂಡು ಹುಟ್ಟು ಹಾಕು. ಅವ್ರು ಕಣ್ಣೀಲೆ ನೋಡ್ತಾರ, ಬರ್ಕೋತಾರ. ನೀ ಏನೂ ಹೇಳಬ್ಯಾಡ."

"ಕಲ್ಲಾಗಿರ್ತೀನಿ," ಎಂದೆ.

ಸಾಹೇಬರು ತೆಳ್ಳನೆಯ ಹುಡುಗ. ಆಚೆ ದಡದಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿ ಕೊಪ್ಪರಿಗೆಯನ್ನು ನೋಡಿದವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಪಂಚನಾಮೆಗೆ ಇಬ್ಬರು ಸಾಕ್ಷಿ ಬೇಕು; ನಾನೊಬ್ಬ, ಇನ್ನೊಬ್ಬನಾಗಿ ದಡದಲ್ಲಿದ್ದ ಗೆಳೆಯ ಸಿದ್ದಣ್ಣನನ್ನು ಹತ್ತಿಸಿಕೊಂಡೆ.

"ಇದರಾಗ ಕೂಡಬೇಕೇನ್ರಿ?"

"ಹೆದರಬ್ಯಾಡ್ರಿ ಸಾಹೇಬ್ರ. ಇದರಾಗ ಆನೀನೂ ದಾಟ್ಯಾವ," ಎಂದೆ. ಕಲ್ಲು ಅಷ್ಟರಲ್ಲೇ ಮಾತಾಡಿಬಿಟ್ಟಿತು.

ಕೊಪ್ಪರಿಗೆಗೆ ಮುಂದು ಹಿಂದು ಎಂಬುದಿಲ್ಲ. ಒಂದೇ ಬದಿಗೆ ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಹೊಸಬರನ್ನು ಮೂರು ಸುತ್ತು ತಿರುಗಿಸದೆ ನಾನು ದಾಟಿಸಿದ್ದೇ ಇಲ್ಲ. ನಡುನೀರಿಗೆ ಬಂದೊಡನೆ ಕೈ ತಾನಾಗಿ ಒಂದೇ ಬದಿಗೆ ಹೋಯಿತು. ಎರಡನೆಯ ಸುತ್ತಿಗೆ ಸಾಹೇಬರ ಮುಖ ಬಿಳುಪಾಯಿತು. ಮೂರನೆಯದಕ್ಕೆ ಬೆಳಗಿನ ನಾಷ್ಟಾ ನೀರಿಗೆ ಹೋಯಿತು.

"ಇಲ್ಲಿ ಆಳ ಎಷ್ಟದ?" ಎಂದು ಅಂಚು ಹಿಡಿದುಕೊಂಡು ಕೇಳಿದರು.

"ಏಳು ತಾಳೆಮರದಷ್ಟು."

"ಹಣಮ್ಯಾ," ಎಂದು ಸಿದ್ದಣ್ಣ ಮೆಲ್ಲಗೆ ಮೊಣಕೈಯಿಂದ ತಿವಿದ.

ನಾನೇಕೆ ನಿಲ್ಲಿಸಲಿಲ್ಲ ಎಂದು ಕೇಳಿದರೆ, ನನಗೆ ಆಗ ಇನ್ನೊಂದು ಆಸೆ ಹುಟ್ಟಿತ್ತು. ನಮ್ಮ ಕಷ್ಟ ಹತ್ತರಷ್ಟು ಹೇಳಿದರೆ ಸರ್ಕಾರ ಅರ್ಧ ಕಡಿದು ಐದಾದರೂ ಬರೆದುಕೊಳ್ಳುತ್ತದೆ. ಫೌತಿಯ ಜೊತೆಗೆ ಒಂದು ಮೋಟಾರ್ ದೋಣಿಯೂ ಬಂದೀತು ಎಂದುಕೊಂಡೆ. ಮಳೆಗಾಲದಲ್ಲಿ ನೀರು ಮನೆಯ ತೊಲೆಯವರೆಗೆ ಬರುತ್ತದೆ ಎಂದೆ. ಎಂಟು ತಿಂಗಳು ಹೊಲ ಕಾಣುವುದಿಲ್ಲ, ಒಲೆಯೊಳಗೆ ಮೀನು ಆಡುತ್ತವೆ, ಮನುಷ್ಯರಿಗಿಂತ ಹಾವುಗಳೇ ಹೆಚ್ಚು ಎಂದೆ. ಸಾಹೇಬರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು.

"ಹೊಳ್ಳಿ ನಡೀರಿ. ದಂಡಿ ಮ್ಯಾಗ ಕೂತು ಬರ್ಕೋತೀನಿ."

ದಡದ ಕಲ್ಲಿನ ಮೇಲೆ ಕುಳಿತು, ನಾನು ಹೇಳಿದ್ದನ್ನೆಲ್ಲ ಸಾವಕಾಶವಾಗಿ ಬರೆದರು. ನಾನು ಮತ್ತು ಸಿದ್ದಣ್ಣ ಸಹಿ ಹಾಕಿದೆವು. ಆ ಹುಡುಗ ಒಂದನ್ನೂ ಕಡಿಯಲಿಲ್ಲ. ನನ್ನ ಮಾತನ್ನು ಪೂರ್ತಿ ನಂಬಿದ ಮೊದಲ ಮನುಷ್ಯ ಅವನೇ.

ದಿಬ್ಬದ ಮೇಲೆ ಆಸೆಯಿಂದ ಕಾಯುತ್ತಿದ್ದ ಪಂಚಶೀಲಾ ನಾನು ಒಬ್ಬನೇ ಬಂದದ್ದು ನೋಡಿದಳು.

"ಯಾಕ ಹೊಳ್ಳಿ ಹೋದ್ರು, ಮಾಮಾ?"

"ಕೆಲಸ ಆತಲ್ಲ. ದೂರಿಂದನ ಎಲ್ಲಾ ಕಾಣ್ತದಂತ."

ಅವಳು ಆ ಹಾಲನ್ನು ನನಗೇ ಚಹಾ ಮಾಡಿ ಕೊಟ್ಟಳು.

ಎರಡು ತಿಂಗಳ ಮೇಲೆ ಪತ್ರ ಬಂತು. ಕಮಲಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಅಲ್ಫಿಯಾ ಅದನ್ನು ಓದಿದಳು: ಸದರಿ ಜಮೀನು ವರ್ಷದಲ್ಲಿ ಎಂಟು ತಿಂಗಳು ಮುಳುಗಡೆಯಲ್ಲಿರುತ್ತದೆ, ವಾಸಕ್ಕೂ ಸಾಗುವಳಿಗೂ ಯೋಗ್ಯವಲ್ಲ, ಖಾತೆ ಬದಲಾವಣೆಯ ಅರ್ಜಿ ತಿರಸ್ಕರಿಸಿದೆ, ಜೀವರಕ್ಷಣೆಯ ದೃಷ್ಟಿಯಿಂದ ನಿವಾಸಿಗಳನ್ನು ಮಳೆಗಾಲಕ್ಕೆ ಮೊದಲು ತೆರವುಗೊಳಿಸತಕ್ಕದ್ದು.

"ಒಲಿಯೊಳಗ ಮೀನು ಅಂತನೂ ಬರ್ದಾರ್ರಿ ಇದರಾಗ," ಎಂದು ಅಲ್ಫಿಯಾ ತಲೆಯೆತ್ತಿದಳು. "ಯಾರ ಹೇಳಿದ್ದು?"

ಪಂಚಶೀಲಾ ನನ್ನ ಕಡೆ ತಿರುಗಲಿಲ್ಲ. ಪತ್ರವನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು.

ಮರುದಿನ ಇಬ್ಬರೂ ಕಲಬುರಗಿಗೆ ಹೋದೆವು. ಬಸ್ಸು ಕೋಟೆಯ ಮುಂದೆ ಹಾಯುವಾಗ, ಇದರ ಕಲ್ಲೆಲ್ಲ ನಮ್ಮ ಮುತ್ತಜ್ಜನೇ ಹೊತ್ತದ್ದು ಎಂದು ಹೇಳಲು ಬಾಯಿ ತೆರೆದು, ಮುಚ್ಚಿಕೊಂಡೆ. ದೊಡ್ಡ ಕಚೇರಿಯ ಮೇಡಂ ಮಧ್ಯಾಹ್ನದ ಹೊತ್ತಿಗೆ ಒಳಗೆ ಕರೆದರು. ಕಡತ ಪೂರ್ತಿ ಓದಿದರು.

"ಸಹಿ ನಿಮ್ಮದೇನ್ರಿ?"

"ಹೌದ್ರಿ. ಆದ್ರ ಆ ಮಾತೆಲ್ಲಾ ಸುಳ್ಳರಿ. ನೀರು ಅಂಗಳಕ್ಕೂ ಬರೂದಿಲ್ಲ."

"ಹಂಗಂದ್ರ ಅವತ್ತು ಸುಳ್ಳು, ಇವತ್ತು ಖರೇ?"

"ಇವತ್ತು ಖರೇ ರೀ. ಪಂಚಶೀಲಾಗ ಕೇಳ್ರಿ."

ಮೇಡಂ ಪೆನ್ನು ಕೈಗೆತ್ತಿಕೊಂಡರು. ಅವರ ಮುಖ ಕೆಟ್ಟದಾಗಿರಲಿಲ್ಲ; ಮತ್ತೊಮ್ಮೆ ಯಾರನ್ನಾದರೂ ಕಳಿಸುವ ಮನಸ್ಸಿದ್ದಂತೆ ಕಂಡಿತು.

"ಅಲ್ಲಿ ಎಷ್ಟು ಜನ ಇದ್ದೀರಿ ಈಗ?"

ಹತ್ತೊಂಬತ್ತು. ಒಬ್ಬೊಬ್ಬರ ಹೆಸರೂ ನನಗೆ ಗೊತ್ತು. ನಾಲಗೆಯ ತುದಿಗೆ ಹತ್ತೊಂಬತ್ತೇ ಬಂದಿತ್ತು.

"ಎಂಬತ್ತು," ಎಂದೆ.

ಪಂಚಶೀಲಾ ಕಣ್ಣು ಮುಚ್ಚಿದಳು. "ಹತ್ತೊಂಬತ್ತು ಮೇಡಂರಿ," ಎಂದಳು, ನೆಲ ನೋಡುತ್ತ.

ಮೇಡಂ ನಮ್ಮಿಬ್ಬರನ್ನೂ ನೋಡಿದರು. ಪೆನ್ನಿನ ಮುಚ್ಚಳ ಹಾಕಿ, ಕಡತವನ್ನು ಪಕ್ಕಕ್ಕೆ ಸರಿಸಿದರು.

ಹೊರಗೆ ಬಂದ ಮೇಲೆ ಬಸ್ ಸ್ಟ್ಯಾಂಡಿನವರೆಗೂ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬಂದಳು. ಕಮಲಾಪುರದಲ್ಲಿ ಇಳಿದು, "ನೀ ಸುಮ್ಮ ಕೂತಿದ್ರ ಸಾಕಾಗಿತ್ತು, ಮಾಮಾ," ಎಂದಳು. ಅಷ್ಟೇ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೃಗಶಿರ ಮಳೆಗೆ ಎರಡು ವಾರ ಮೊದಲು ಕಾರಿಮಡ್ಡಿ ಖಾಲಿಯಾಯಿತು. ಕಲಬುರಗಿ ಹತ್ತಿರದ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಇಟ್ಟಂಗಿ ಹೊರುವ ಕೆಲಸ ಅವಳಿಗೆ ಸಿಕ್ಕಿತ್ತು. ಬಾಗಿಲು, ತೊಲೆ, ಬೀಸುವ ಕಲ್ಲು, ಗೋಡೆಯ ಮೇಲಿದ್ದ ಬುದ್ಧನ ಪಟ, ಎಲ್ಲವನ್ನೂ ನಾನೇ ದಾಟಿಸಿದೆ. ಎಷ್ಟು ಸಲ ಆಗುತ್ತದೆ ಎಂದು ಕೇಳಿದಳು. ಒಂಬತ್ತು ಎಂದೆ. ಒಂಬತ್ತೇ ಆಯಿತು. ಬೇವಿನ ಮರವನ್ನೂ ಅದರ ಕೆಳಗಿದ್ದವನನ್ನೂ ದಾಟಿಸುವಂತಿರಲಿಲ್ಲ.

ಕೊನೆಯ ಸಲ ಅವಳೊಬ್ಬಳೇ ಕುಳಿತಿದ್ದಳು, ಕೈಯಲ್ಲಿ ಉದ್ದನೆಯ ಬಿದಿರ ಗಳ ಹಿಡಿದು. ಸಾಹೇಬರನ್ನು ತಿರುಗಿಸಿದ ಜಾಗ ಬಂದಾಗ "ನಿಲ್ಲಿಸು" ಎಂದಳು. ನಿಲ್ಲಿಸಿದೆ. ಎದ್ದು ನಿಂತು, ಗಳವನ್ನು ನೇರವಾಗಿ ನೀರಿಗೆ ಇಳಿಸಿದಳು. ಅದು ಕೆಸರಿಗೆ ತಾಗಿ ನಿಂತಿತು. ಮೇಲಕ್ಕೆತ್ತಿ ತನ್ನ ಮೈಗೆ ಆನಿಸಿಕೊಂಡು ನೋಡಿದಳು. ಒದ್ದೆ ಗುರುತು ಅವಳ ಎದೆಯವರೆಗೆ ಬಂದಿತ್ತು.

ಗಳವನ್ನು ನನ್ನ ಕೈಗೆ ಕೊಟ್ಟು, ದಡದ ಕಡೆಗೆ ಮುಖ ಮಾಡಿ ಕುಳಿತಳು. ನಾನು ಎರಡೂ ಬದಿಗೆ ಹುಟ್ಟು ಹಾಕುತ್ತ, ತಿರುಗಿಸದೆ, ನೆಟ್ಟಗೆ ದಾಟಿಸಿದೆ.