ತೀರ್ಥಪ್ಪನವರು ಆರಿಸಿದ ಈಚಲುವನಗಳು

ತೀರ್ಥಪ್ಪನವರು ಹೆಂಡ ಕುಡಿಯಲು ಹೊರಟರೆ ದೇವರ ದರ್ಶನಕ್ಕೆ ಹೊರಟವರಂತೆ ಕಾಣುತ್ತಿದ್ದರು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ಅದರ ಜೇಬಿನಲ್ಲಿ ಬಟ್ಟೆ ಸುತ್ತಿದ ಒಂದು ಗಾಜಿನ ಸೀಸೆ, ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ರೂಢಿಯಾದ, ಅಂಗುಲವೂ ಹೆಚ್ಚುಕಡಿಮೆಯಾಗದ ಹೆಜ್ಜೆ. ಎಪ್ಪತ್ತರ ದಶಕದ ನಡುಭಾಗ. ಪಾನನಿರೋಧ ಹೋಗಿ ಕೆಲವು ವರ್ಷಗಳಾಗಿದ್ದವು. ತರೀಕೆರೆಯಲ್ಲಿ ಮೇಷ್ಟ್ರಾಗಿದ್ದ ನಾನೂ ನನ್ನ ಇಬ್ಬರು ಗೆಳೆಯರೂ ಭಾನುವಾರ ಬೆಳಿಗ್ಗೆ ಬಸ್ಸಿಳಿದು ಅವರ ಹಿಂದೆ ನಡೆಯುತ್ತಿದ್ದೆವು. ಯಾವ ವಾರ ಯಾವ ಈಚಲುವನ ಎಂಬುದು ಅವರ ತೀರ್ಮಾನ, ನಮ್ಮದು ಬರೀ ಬಾಯಾರಿಕೆ.

ಅವರ ಆಯ್ಕೆಯ ಕ್ರಮವೇ ವಿಲಕ್ಷಣವಾಗಿತ್ತು. ಹೆಂಡ ಎಷ್ಟೇ ಹೆಸರುವಾಸಿಯಾಗಿರಲಿ, ತಗ್ಗಿನಲ್ಲಿರುವ ವನ ಅವರಿಗೆ ಆಗದು. ಎಮ್ಮೆದೊಡ್ಡಿಯ ಕಾವಲಿನಂಚು ಆಗಬಹುದು, ದನಗಳ ಕೊಂಬಿನಾಚೆ ದಿಗಂತದ ತನಕ ಬಯಲು. ಲಿಂಗದಹಳ್ಳಿಯ ಕಡೆಯದಂತೂ ಪರಮಪ್ರಿಯ, ಅಲ್ಲಿ ನೀಲಿ ಗುಡ್ಡಗಳು ಎದುರಿಗೇ ಸಾಲಾಗಿ ನಿಂತಿರುತ್ತವೆ. “ಮೊದ್ಲು ಕಣ್ಣಿಗೆ, ಆಮೇಲೆ ನಾಲ್ಗೆಗೆ ಕಣ್ರೀ” ಎನ್ನುವರು. ಮೊದಲ ದೊನ್ನೆ ಅವರದೇ. ಕುಡಿದು ಗುಡ್ಡದ ಕಡೆ ಮುಖಮಾಡಿ ಅರ್ಧ ಗಂಟೆ ಕೂರುವರು. ಅಷ್ಟರತನಕ ನಾವು ದೊನ್ನೆ ಮುಟ್ಟುವಂತಿಲ್ಲ. ಹಿರಿಯರ ರಸಿಕತೆ ಎಂದು ನಾವು ಹಲ್ಲು ಕಚ್ಚಿ ಕಾಯುತ್ತಿದ್ದೆವು. ಇನ್ನೊಂದು ವಿಚಿತ್ರವೆಂದರೆ, ರುಚಿಯ ಬಗ್ಗೆ ಅವರು ತೀರ್ಪು ಕೊಡುತ್ತಿದ್ದದ್ದು ಮುಂದಿನ ಭಾನುವಾರ. “ಹೋದ್ವಾರದ್ದು ಕೊನೇಲಿ ಒಂಚೂರು ಒಗರು” ಎಂದರೆ ಅದು ನಿಜವೇ ಆಗಿರುತ್ತಿತ್ತು.

ಒಂದು ಮಾಘದ ಬೆಳಿಗ್ಗೆ ಲಿಂಗದಹಳ್ಳಿಯ ವನದಲ್ಲಿ ಹೆಂಡ ಇಳಿಸುವ ಕಲ್ಲಪ್ಪ ಇನ್ನೂ ಮರದ ಮೇಲಿದ್ದ. ಅವನ ಹೆಂಡತಿ ತಿಮ್ಮಕ್ಕ ಗಡಿಗೆಯೊಂದರಿಂದ ಬೆಳ್ಳಗಿನದನ್ನು ದೊನ್ನೆಗೆ ಬಗ್ಗಿಸಿ ತೀರ್ಥಪ್ಪನವರಿಗೆ ಕೊಟ್ಟಳು. ಅವರು ಒಂದೇ ಉಸಿರಿಗೆ ಕುಡಿದು, ಮೀಸೆ ಒರೆಸಿಕೊಂಡು, ಗುಡ್ಡದ ಕಡೆ ತಿರುಗಿ ಕೂತರು. ಮರುಗಳಿಗೆ ತಿಮ್ಮಕ್ಕ ಗಡಿಗೆಯೊಳಗೆ ಇಣುಕಿ ಎದೆ ಬಡಿದುಕೊಂಡಳು.

“ಅಯ್ಯಯ್ಯೋ, ಗಡಿಗೆ ತೊಳ್ಯಾಕೆ ಕಲಸಿಟ್ಟಿದ್ದ ಸುಣ್ಣದ ನೀರು ಕಣಪ್ಪೋ! ಉಗೀರಿ, ಉಗೀರಿ!”

ಸುಣ್ಣದ ನೀರನ್ನು ಮುಖ ಕಿವಿಚದೆ ಕುಡಿದ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೀರು ಕುಡಿಸಿ, ವಾಂತಿ ಮಾಡಿಸಿ, ನೆರಳಿನಲ್ಲಿ ಮಲಗಿಸಿದೆವು.

“ನಾಲ್ಗೆಗೆ ಗೊತ್ತಾಗ್ಲಿಲ್ವಾ?” ಎಂದೆ.

“ನಂಗೆ ನಾಲ್ಗೆ ಹೋಗಿ ಹದಿನೆಂಟು ವರ್ಷ ಆಯ್ತು ಮೇಷ್ಟ್ರೇ. ಉಪ್ಪೂ ಒಂದೇ, ಬೆಲ್ಲಾನೂ ಒಂದೇ.”

ಮಲಗಿದಲ್ಲೇ ಅವರು ಹೇಳಿದ್ದಿಷ್ಟು. ಪಾನನಿರೋಧದ ಕಾಲದಲ್ಲಿ ಅಜ್ಜಂಪುರದ ಬಳಿ ಕಳ್ಳಭಟ್ಟಿಯ ಜಾಗವೊಂದನ್ನು ಅವರೇ ಹುಡುಕಿ, ಒಲ್ಲೆನೆಂದ ತಮ್ಮ ದೇವೀರಪ್ಪನನ್ನು ಒತ್ತಾಯದಿಂದ ಕರೆದೊಯ್ದಿದ್ದರು. ಇಬ್ಬರೂ ಕುಡಿದರು. ವಾರಗಟ್ಟಲೆ ಮಲಗಿ ಎದ್ದಾಗ ಇವರ ನಾಲಗೆ ಸತ್ತಿತ್ತು.

“ಅವ್ನು ಕುಡ್ದ ಮಾರ್ನೇ ದಿನ ಬೆಳಿಗ್ಗೆ ಬಾಗ್ಲಲ್ಲಿ ನಿಂತ್ಕಂಡು, ಅಣ್ಣಾ, ಎದುರಿನ ಗುಡ್ಡ ಎಲ್ಲೋಯ್ತು ಅಂದ.”

ನಾನು ದಿಗ್ಭ್ರಾಂತನಾದೆ. ಇಷ್ಟು ವರ್ಷ ಆ ಮನುಷ್ಯ ಸೌಂದರ್ಯವನ್ನು ಆರಿಸುತ್ತಿರಲಿಲ್ಲ. ಕುಡಿದ ಮೇಲೆ ದೂರದ ಗುಡ್ಡ ಇನ್ನೂ ಕಾಣುತ್ತಿದೆಯೇ ಎಂದು ತಮ್ಮ ಕಣ್ಣನ್ನೇ ಒರೆಗೆ ಹಚ್ಚಿ, ಆಮೇಲೆ ನಮಗೆ ಅಪ್ಪಣೆ ಕೊಡುತ್ತಿದ್ದರು. ತಮ್ಮನ ಕಣ್ಣು ಹೋಗಿದ್ದು ಮಾರನೇ ದಿನ, ಅರ್ಧ ಗಂಟೆಯಲ್ಲಿ ಏನು ತಿಳಿದೀತು? ಅವರ ರಸಿಕತೆಯನ್ನು ಬೆನ್ನ ಹಿಂದೆ ಆಡಿಕೊಂಡು ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಸಂಜೆ ಅವರನ್ನು ಮನೆಗೆ ಮುಟ್ಟಿಸಿದೆವು. ಜಗಲಿಯ ಮೇಲೆ ಬಿಳಿಗಡ್ಡದ ಕುರುಡ ದೇವೀರಪ್ಪ ಹೆಜ್ಜೆಯ ಸಪ್ಪಳ ಕೇಳಿ ಕೈಚಾಚಿದ. ತೀರ್ಥಪ್ಪನವರು ಕೋಟಿನ ಜೇಬಿನಿಂದ ಸೀಸೆ ತೆಗೆದರು. ಕಲ್ಲಪ್ಪ ಮರದಿಂದ ಇಳಿಸಿದ್ದ ಹೆಂಡವನ್ನು ಅಷ್ಟೆಲ್ಲ ಗಡಿಬಿಡಿಯಲ್ಲೂ ಮರೆಯದೆ ತುಂಬಿಸಿಕೊಂಡಿದ್ದರು.

“ಮೂಸಿಯಾದ್ರೂ ನೋಡಬಾರ್ದೇ?” ನನ್ನ ಬಾಯಿಂದ ಬಂದೇಬಿಟ್ಟಿತು.

“ಯಾಕ್ ಸ್ವಾಮಿ? ಅಣ್ಣ ನೋಡೇ ತಂದಿರ್ತಾನೆ” ಎಂದ ದೇವೀರಪ್ಪ ಗಟಗಟನೆ ಕುಡಿದ. ಆಮೇಲೆ ಚಪ್ಪರಿಸಿ, “ಸಿಹಿ ಐತೆ ಕಣಣ್ಣಾ” ಎಂದ. ಮುಂದಿನ ಭಾನುವಾರದ ತೀರ್ಪು ನಮ್ಮೆದುರೇ ಸಿದ್ಧವಾಗಿತ್ತು. ತೀರ್ಥಪ್ಪನವರು ತಮ್ಮನ ಎದುರಿಗೇ ಕುಕ್ಕರುಗಾಲಿನಲ್ಲಿ ಕೂತು, ಅವನ ಬತ್ತಿದ ಕಣ್ಣುಗಳನ್ನೇ ನೋಡುತ್ತಿದ್ದರು.

ಒಮ್ಮೆ ತಪ್ಪಾಗಿ ಆರಿಸಿ, ಆ ತಪ್ಪಿಗೆ ಶಿಕ್ಷೆ ಕೊಡುವವರು ಸಿಗದೆ ಹೋದವರ ಜಾತಿಯೊಂದು ಲೋಕದಲ್ಲಿದೆ. ಕ್ಷಮಿಸಿದವನು ಎದುರಿಗೇ ಕೂತು ನಂಬಿಕೆಯಿಂದ ಕೈಚಾಚುತ್ತಿರುವಾಗ ಆರಿಸುವ ಕೆಲಸದಿಂದ ಅವರಿಗೆ ಬಿಡುಗಡೆಯಿಲ್ಲ. ಅಂಥವರು ಮೊದಲ ದೊನ್ನೆ ತಾವೇ ಕುಡಿದು, ಗುಡ್ಡ ಕಾಣುವವರೆಗೆ ನಮ್ಮನ್ನು ಕಾಯಿಸುತ್ತಾರೆ.